‘ಸೋಪ್’ ಎಂಬ ಅಮೆರಿಕದ ದೂರದರ್ಶನ ಪ್ರಹಸನ (೧೯೭೭–೧೯೮೧)

೧

ಹಾಸ್ಯವು ಶೃಂಗಾರದಿಂದ ಹುಟ್ಟುವುದೆಂದೂ ಶೃಂಗಾರದ ಅನುಕರಣವೇ ಹಾಸ್ಯವೆಂದೂ ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹೇಳಿರುವುದು ವಾಚಕರಿಗೆ ವಿದಿತವಾದ ವಿಷಯವೇ ಆಗಿದೆ. ಅಭಿನವಗುಪ್ತನು ಈ ಮಾತನ್ನು ವಿಸ್ತರಿಸಿ, ಶೃಂಗಾರವೊಂದೇ ಅಲ್ಲ, ಯಾವ ರಸವೇ ಆಗಲಿ ಅನುಚಿತವಾದ ಸ್ಥಾನದಲ್ಲಿ ತೋರಿದರೆ ಅದರ ಆಭಾಸವು ಹಾಸ್ಯದಲ್ಲಿ ಪರ್ಯವಸಾನ ಹೊಂದುವುದೆಂದು ಪ್ರತಿಪಾದಿಸಿದನು. ತನಗೆ ಬಂಧುವಲ್ಲದವನಿಗಾಗಿ ಒಬ್ಬನು ಶೋಕಿಸಿದರೆ ಆ ಕರುಣವೂ ಹಾಸ್ಯವೇ ಆಗುವುದೆಂಬುದು ಅವನು ಕೊಟ್ಟಿರುವ ನಿದರ್ಶನ. ಈ ನಿದರ್ಶನದಿಂದ ಇನ್ನೊಂದು ಪ್ರಶ್ನೆ ಏಳುತ್ತದೆ. ಆಭಾಸವು ಒಂದು ಗಳಿಗೆಯಲ್ಲಿ ಮುಗಿಯದೆ ವರ್ಷಗಟ್ಟಲೆ ಮುಂದುವರಿದರೆ ಏನಾಗುವುದು? ಬಂಧುವಲ್ಲದವನೊಡನೆ ನಾಲ್ಕು ವರ್ಷ ಕಾಲ ಪ್ರತಿವಾರವೂ ಕಲೆತು ಕುಳಿತ ಮೇಲೂ ಅವನು ಬಂಧುವಲ್ಲದವನಾಗಿಯೇ ಉಳಿಯುವನೇ?

ನಮ್ಮ ಪ್ರಾಚೀನ ರಂಗಭೂಮಿಯಲ್ಲಿ ಈ ಪ್ರಶ್ನೆಗೆ ಎಡೆಯಿರಲಿಲ್ಲ. ಪಲ್ಲವರಾಜನಾದ ಮಹೇಂದ್ರವರ್ಮನ ‘ಮತ್ತವಿಲಾಸ’ವಾಗಲಿ ‘ಭಗವದಜ್ಜುಕ’ವಾಗಲಿ ಒಂದೇ ಅಂಕದ ಪ್ರಹಸನಗಳು. ನಗಿಸುವ ಕೆಲಸವು ಒಂದು ಕುಳಿತದಲ್ಲಿಯೇ ಪೂರೈಸಿ ಪ್ರೇಕ್ಷಕನು ಮನೆಗೆ ತೆರಳುತ್ತಿದ್ದನು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ರೇಡಿಯೋ ಮತ್ತು ದೂರದರ್ಶನಗಳು ಕೊನೆಯೇ ಇಲ್ಲದ ಕಥೆಯೆಂಬ ಹೊಸದೊಂದು ಪ್ರಕಾರವನ್ನು ಬಳಕೆಗೆ ತಂದುವು. ಆ ಪ್ರಕಾರವನ್ನು ಅಣಕಿಸಹೊರಟ ಪ್ರಹಸನವೂ ಅದರಂತೆಯೇ ಧಾರಾವಾಹಿಯಾಗಬೇಕಾಯಿತು. ಹೀಗೆ ಹುಟ್ಟಿದ ಕೃತಿಗಳಲ್ಲಿ ಮುಖ್ಯವಾದುದು ಅಮೆರಿಕದ ಎ. ಬಿ. ಸಿ. ಪ್ರಸಾರ ಸಂಸ್ಥೆಯು ೧೯೭೭ರಿಂದ ೧೯೮೧ರವರೆಗೆ ತೋರಿಸಿದ ‘ಸೋಪ್’. ಅದರ ಚರಿತ್ರೆಯನ್ನು ನಿರೂಪಿಸಿ, ಮೇಲಿನ ಪ್ರಶ್ನೆಗೆ ಅದರಿಂದ ದೊರೆಯುವ ಉತ್ತರವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಅಣಕಕ್ಕೆ ವಿಷಯವಾದ ಮೂಲದ ವೃತ್ತಾಂತವನ್ನು ಮೊದಲು ಸಂಕ್ಷೇಪವಾಗಿ ತಿಳಿಯಬೇಕು. ೧೯೩೦ರಲ್ಲಿ ಷಿಕಾಗೋ ನಗರದ ಡಬ್ಲ್ಯು. ಜಿ. ಎನ್. ರೇಡಿಯೋ ನಿಲಯದಿಂದ ‘ಪೇಂಟೆಡ್ ಡ್ರೀಮ್ಸ್’ ಎಂಬ ಸಾಂಸಾರಿಕ ಕಥೆಯು ಪ್ರಸಾರವಾಗತೊಡಗಿತು. ಅದನ್ನು ರಚಿಸಿದಾಕೆ ಇರ್ನಾ ಫಿಲಿಪ್ಸ್. ಹಗಲುಹೊತ್ತು ಮನೆಗೆಲಸದಲ್ಲಿ ತೊಡಗಿರುವ ಗೃಹಿಣಿಯರು ಕೆಲಸ ಬಿಡದೆಯೇ ಕೇಳಬಹುದಾದ ಕಥೆ ಅದು. ಇಂಥ ಕಥೆಗಳಿಂದ ತಮ್ಮ ಸರಕಿಗೆ ಪ್ರಚಾರ ದೊರೆಯುವುದೆಂದು ಸಾಬೂನಿನ ವ್ಯಾಪಾರಿಗಳು ಬೇಗನೆ ಮನಗಂಡರು. ೧೯೩೩ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯು ಬಟ್ಟೆ ಒಗೆಯುವ ‘ಆಕ್ಸಿಡಾಲ್’ ಪುಡಿಯ ಪ್ರಚಾರಕ್ಕಾಗಿ ‘ಮಾ ಪರ್ಕಿನ್ಸ್’ ಎಂಬ ಕಥೆಯನ್ನು ಪೋಷಿಸಿತು. ಸಾಬೂನಿನವರ ಹಣದಿಂದ ನಡೆಯುವ, ಗೀತನಾಟಕದಂತೆ ಭಾವೋದ್ರೇಕದಿಂದ ತುಂಬಿದ ಈ ಕಥೆಗಳಿಗೆ ಜನರು ಹಾಸ್ಯವಾಗಿ ‘ಸೋಪ್ ಆಪರಾ’ ಎಂದು ಹೆಸರಿಟ್ಟರು. ಪ್ರಕಾರದ ಹೆಸರಿನಲ್ಲಿಯೇ ಅದರ ಅಣಕವೂ ಅಡಗಿದ್ದಿತೆಂಬುದು ಇಲ್ಲಿ ಗಮನಾರ್ಹವಾಗಿದೆ.

ಈ ಕಥೆಗಳ ಆಯುಸ್ಸು ಬೆರಗುಗೊಳಿಸುವಂಥದು. ಇರ್ನಾ ಫಿಲಿಪ್ಸಳ ‘ಗೈಡಿಂಗ್ ಲೈಟ್’ ೧೯೩೭ರಲ್ಲಿ ರೇಡಿಯೋದಲ್ಲಿ ಆರಂಭವಾಗಿ, ೧೯೫೨ರಲ್ಲಿ ದೂರದರ್ಶನಕ್ಕೆ ಬಂದು, ೨೦೦೯ರಲ್ಲಿ ಮುಗಿಯಿತು. ಅಂದರೆ ಒಂದೇ ಕಥೆಯು ಎಪ್ಪತ್ತೆರಡು ವರ್ಷ ನಡೆಯಿತು. ಆಕೆಯದೇ ಆದ ‘ಆಸ್ ದ ವರ್ಲ್ಡ್ ಟರ್ನ್ಸ್’ ೧೯೫೬ರಿಂದ ೨೦೧೦ರವರೆಗೆ ನಡೆಯಿತು. ರೇಡಿಯೋದಲ್ಲಿ ಈ ಪ್ರಕಾರವು ೧೯೬೦ರ ನವೆಂಬರಿನಲ್ಲಿ ಅಸ್ತಂಗತವಾಯಿತಾದರೂ ದೂರದರ್ಶನದಲ್ಲಿ ಅದು ಮತ್ತಷ್ಟು ಬೆಳೆಯಿತು.

ಈ ಪ್ರಕಾರಕ್ಕೆ ಮೂರು ಲಕ್ಷಣಗಳನ್ನು ಹೇಳಬಹುದು. ಮೊದಲನೆಯದು, ಕಥೆಗೆ ನಿರ್ವಹಣವಿಲ್ಲದಿರುವುದು. ಒಂದು ಸಂಕಟವು ತೀರುವ ಮುನ್ನವೇ ಮತ್ತೊಂದು ಮೊಳೆಯುತ್ತದೆ. ಎರಡನೆಯದು, ಸೂತ್ರಧಾರನ ಸ್ಥಾನದಲ್ಲಿರುವ ನಿವೇದಕ. ಅವನು ಕಂತಿನ ಆದಿಯಲ್ಲಿ ಹಿಂದಿನ ಕಥೆಯನ್ನು ನೆನಪು ಮಾಡಿಕೊಟ್ಟು, ಅಂತ್ಯದಲ್ಲಿ ಮುಂದೇನಾಗುವುದೋ ಎಂಬ ಪ್ರಶ್ನೆಗಳನ್ನು ಗಂಭೀರ ಧ್ವನಿಯಿಂದ ಹಾಕಿ ಶ್ರೋತೃಗಳ ಕುತೂಹಲವನ್ನು ಕಾಪಾಡುತ್ತಾನೆ. ಮೂರನೆಯದು, ವಿಪತ್ತುಗಳ ಒಂದು ಗೊತ್ತಾದ ಪಟ್ಟಿ. ಸ್ಮೃತಿನಾಶ, ವ್ಯಭಿಚಾರ, ಕೊಲೆಯ ವಿಚಾರಣೆ, ಗುಪ್ತಸಂತಾನ, ಸತ್ತನೆಂದುಕೊಂಡವನು ಮರಳಿ ಬರುವುದು, ಇವು ಆ ಪಟ್ಟಿಯ ಮುಖ್ಯ ಅಂಗಗಳು.

೩

ಇಷ್ಟು ಸ್ಪಷ್ಟವಾದ ಲಕ್ಷಣಗಳುಳ್ಳ ಪ್ರಕಾರವು ಅಣಕಗಾರರ ಕಣ್ಣಿಗೆ ಬೀಳದಿರಲು ಸಾಧ್ಯವಿರಲಿಲ್ಲ. ೧೯೪೮ರಲ್ಲಿ ಜೇಮ್ಸ್ ಥರ್ಬರ್ ಎಂಬ ವಿನೋದ ಲೇಖಕನು ‘ದ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಸಾಬೂನುಕಥೆಗಳನ್ನು ಕುರಿತ ಲೇಖನಮಾಲೆಯೊಂದನ್ನು ಬರೆದು, ಆ ಲೋಕದಲ್ಲಿ ಪಾರ್ಶ್ವವಾಯುವೂ ಸ್ಮೃತಿನಾಶವೂ ಎಷ್ಟು ಸಾಮಾನ್ಯವಾದ ವ್ಯಾಧಿಗಳೆಂಬುದನ್ನು ತೋರಿಸಿದನು. ಬಾಬ್ ಮತ್ತು ರೇ ಎಂಬ ರೇಡಿಯೋ ವಿದೂಷಕರಿಬ್ಬರು ‘ಬ್ಯಾಕ್‌ಸ್ಟೇಜ್ ವೈಫ್’ ಎಂಬ ಕಥೆಯನ್ನು ಅದರ ನಾಯಕಿಯ ಹೆಸರು ಸಹಿತ ತಿರುಚಿ ಅಣಕವಾಡಿದರು. ಮೂಲಕಥೆಯು ೧೯೫೯ರಲ್ಲಿ ನಿಂತುಹೋದ ಮೇಲೂ ಅಣಕವು ನಡೆಯುತ್ತಲೇ ಇದ್ದಿತು. ಮೂಲವನ್ನು ಮರೆತ ಜನರೂ ಅಣಕವನ್ನು ಅದರ ಸ್ವಂತ ಪಾತ್ರಗಳಿಗಾಗಿ ಕೇಳುತ್ತಿದ್ದರು. ದೂರದರ್ಶನದಲ್ಲಿ ಕ್ಯಾರಲ್ ಬರ್ನೆಟ್ ಎಂಬ ನಟಿಯು ತನ್ನ ವಿನೋದಾವಳಿಯಲ್ಲಿ ‘ಆಸ್ ದ ಸ್ಟಮಕ್ ಟರ್ನ್ಸ್’ ಎಂಬ ಕಿರುಪ್ರಹಸನಗಳನ್ನು ಆಡಿ ತೋರಿಸಿದಳು. ಲೋಕ ತಿರುಗುವುದರ ಬದಲು ಹೊಟ್ಟೆ ತೊಳಸುವುದೆಂಬುದು ಆ ಹೆಸರಿನ ಚಮತ್ಕಾರ.

ಇವುಗಳಲ್ಲಿ ಥರ್ಬರನ ಲೇಖನಗಳೂ ಬರ್ನೆಟ್ಟಳ ಪ್ರಹಸನಗಳೂ ಹೊರಗೆ ನಿಂತು ಮಾಡಿದ ಪರಿಹಾಸ. ಕೆಲವು ನಿಮಿಷ ಮೂಲದ ವೇಷವನ್ನು ಧರಿಸಿ, ನಗಿಸಿ, ವೇಷವನ್ನು ಕಳಚಿಬಿಡುವ ಕ್ರಮ ಅದು. ಈ ಕ್ರಮವನ್ನು ಮೀರಿದ ಮೊದಲ ದೊಡ್ಡ ಪ್ರಯತ್ನವು ನಾರ್ಮನ್ ಲಿಯರನು ೧೯೭೬ರ ಜನವರಿಯಲ್ಲಿ ಹೊರತಂದ ‘ಮೇರಿ ಹಾರ್ಟ್‌ಮನ್, ಮೇರಿ ಹಾರ್ಟ್‌ಮನ್’. ದೊಡ್ಡ ಪ್ರಸಾರ ಸಂಸ್ಥೆಗಳು ಒಲ್ಲೆನೆಂದುದರಿಂದ ಅದನ್ನು ಒಂದೊಂದು ಊರಿನ ನಿಲಯಕ್ಕೂ ಬೇರೆಬೇರೆಯಾಗಿ ಮಾರಬೇಕಾಯಿತು. ಅದು ನಿಜವಾದ ಸೋಪ್ ಆಪರಾದಂತೆ ವಾರಕ್ಕೆ ಐದು ಕಂತುಗಳಾಗಿ ನಡೆದು, ೧೯೭೭ರಲ್ಲಿ ನಿಲ್ಲುವ ವೇಳೆಗೆ ೩೨೫ ಕಂತುಗಳನ್ನು ಮುಟ್ಟಿತ್ತು. ಓಹಾಯೋ ಪ್ರಾಂತದ ಫರ್ನ್‌ವುಡ್ ಎಂಬ ಕಲ್ಪಿತ ಊರಿನ ಗೃಹಿಣಿ ಮೇರಿಗೆ ನೆರೆಮನೆಯವರ ಕೊಲೆಗಿಂತ ಅಡಿಗೆಮನೆಯ ನೆಲದ ಮೇಲಿನ ಹಳದಿ ಮೇಣದ ಕರೆಯೇ ಹೆಚ್ಚಿನ ಚಿಂತೆ. ಜಾಹೀರಾತುಗಳು ಆಕೆಯ ಮನಸ್ಸನ್ನು ಅಷ್ಟರಮಟ್ಟಿಗೆ ಆಕ್ರಮಿಸಿದ್ದುವು. ಮೊದಲ ಪ್ರಸಾರವರ್ಷದ ಕೊನೆಯಲ್ಲಿ ಮೇರಿಯು ದೂರದರ್ಶನದ ಸಂವಾದಗೋಷ್ಠಿಯೊಂದರಲ್ಲಿ ಎಲ್ಲರೆದುರಿಗೆ ಬುದ್ಧಿಸ್ಥಿಮಿತವನ್ನು ಕಳೆದುಕೊಳ್ಳುತ್ತಾಳೆ. ಆ ಕಂತನ್ನು ನೋಡಿದವರಿಗೆ ನಗುವುದು ಕಷ್ಟವಾಗುತ್ತದೆ. ‘ಸೋಪ್’ ನಡೆಯಲಿದ್ದ ಹಾದಿಯ ಸೂಚನೆಯು ಇಲ್ಲಿಯೇ ಕಾಣಬರುತ್ತದೆ.

೪

‘ಸೋಪ್’ನ ಕರ್ತೃ ಸೂಸನ್ ಹ್ಯಾರಿಸ್. ಆಕೆಯು ೧೯೭೨ರಲ್ಲಿ ‘ಮೌಡ್’ ಎಂಬ ಸಾಂಸಾರಿಕ ಪ್ರಹಸನಕ್ಕೆ ಗರ್ಭಪಾತದ ವಿಷಯವಾಗಿ ಎರಡು ಕಂತುಗಳನ್ನು ಬರೆದು ಹೆಸರು ಪಡೆದಿದ್ದಳು. ಪಾಲ್ ಜಂಗರ್ ವಿಟ್ ಮತ್ತು ಟೋನಿ ಥಾಮಸ್ ನಿರ್ಮಾಪಕರಾಗಿ ಜೊತೆಗೂಡಿದರು. ವಾರಕ್ಕೊಮ್ಮೆ ರಾತ್ರಿಯ ಹೊತ್ತು ಅರ್ಧ ಗಂಟೆಯ ಕಂತು, ಆದರೆ ಒಂದು ಕಂತಿನಿಂದ ಮುಂದಿನದಕ್ಕೆ ಹರಿಯುವ ಕಥೆ, ಇದು ಅವರ ಯೋಜನೆ. ಅಂದಿನ ದೂರದರ್ಶನ ಪ್ರಹಸನಗಳಲ್ಲಿ ಪ್ರತಿಯೊಂದು ಕಂತೂ ತನ್ನಷ್ಟಕ್ಕೆ ತಾನೇ ಮುಗಿಯುವುದು ರೂಢಿಯಾಗಿತ್ತು. ಈ ವಾರ ನಡೆದುದನ್ನು ಮುಂದಿನ ವಾರ ಪಾತ್ರಗಳು ಮರೆತಿರುತ್ತಿದ್ದುವು. ‘ಸೋಪ್’ನಲ್ಲಿ ಯಾರೂ ಏನನ್ನೂ ಮರೆಯುವಂತಿರಲಿಲ್ಲ.

ಪ್ರಥಮ ಪ್ರದರ್ಶನವು ೧೯೭೭ರ ಸೆಪ್ಟೆಂಬರ್ ೧೩ರಂದು ನಡೆಯಿತು. ಆದರೆ ವಿವಾದವು ಅದಕ್ಕೂ ಮೊದಲೇ ಹೊತ್ತಿಕೊಂಡಿತ್ತು. ಜೂನ್ ತಿಂಗಳಲ್ಲಿ ‘ನ್ಯೂಸ್‌ವೀಕ್’ ಪತ್ರಿಕೆಯು, ಒಬ್ಬ ತರುಣಿಯು ಕ್ರೈಸ್ತ ಪಾದ್ರಿಯನ್ನು ಪಾಪನಿವೇದನೆಯ ಸ್ಥಳದಲ್ಲಿಯೇ ಮೋಹಗೊಳಿಸುವ ದೃಶ್ಯವು ಇದರಲ್ಲಿ ಇರುವುದೆಂಬ ಅರ್ಥದಲ್ಲಿ ಬರೆಯಿತು. ಪ್ರಸಾರವಾದ ಕಂತುಗಳಲ್ಲಿ ಅಂಥ ದೃಶ್ಯವಿರಲಿಲ್ಲ. ಆದರೂ ಕ್ರೈಸ್ತ ಧರ್ಮಸಂಸ್ಥೆಗಳು ಪ್ರತಿಭಟನೆಗೆ ಕರೆಕೊಟ್ಟುವು. ಪ್ರದರ್ಶನಕ್ಕೆ ಮುನ್ನವೇ ಎ. ಬಿ. ಸಿ. ಸಂಸ್ಥೆಗೆ ಸುಮಾರು ೩೨,೦೦೦ ಪತ್ರಗಳು ಬಂದುವೆಂದೂ ಅವುಗಳಲ್ಲಿ ಒಂಬತ್ತು ಮಾತ್ರ ಅನುಕೂಲವಾಗಿದ್ದುವೆಂದೂ ವರದಿಯಾಯಿತು. ಕೆಲವು ಊರುಗಳ ನಿಲಯಗಳು ಪ್ರಸಾರಕ್ಕೆ ನಿರಾಕರಿಸಿದುವು, ಮತ್ತೆ ಕೆಲವು ಅದನ್ನು ತಡರಾತ್ರಿಗೆ ತಳ್ಳಿದುವು. ಇತ್ತ, ಸಲಿಂಗಪ್ರೇಮಿಯೊಬ್ಬನನ್ನು ನಗೆಪಾಟಲಿಗೆ ಗುರಿಮಾಡುವರೆಂಬ ಶಂಕೆಯಿಂದ ಸಲಿಂಗಪ್ರೇಮಿಗಳ ಸಂಘಗಳೂ ಆಕ್ಷೇಪಿಸಿದುವು. ಆಕ್ಷೇಪಿಸಿದವರಲ್ಲಿ ಬಹುಮಂದಿ ಕೃತಿಯನ್ನು ನೋಡಿರಲಿಲ್ಲ. ನೋಡಲು ಅದಿನ್ನೂ ಜನರೆದುರಿಗೆ ಬಂದಿರಲೂ ಇಲ್ಲ.

ಒಂದು ಸಂಗತಿಯನ್ನು ಇಲ್ಲಿ ವಿಚಾರಿಸಬೇಕು. ಹಗಲಿನ ಸೋಪ್ ಆಪರಾಗಳಲ್ಲಿ ವ್ಯಭಿಚಾರವೂ ಕೊಲೆಯೂ ಅಕ್ರಮ ಸಂತಾನವೂ ನಿತ್ಯದ ವಿಷಯಗಳಾಗಿದ್ದುವು. ಅವುಗಳ ವಿರುದ್ಧ ಇಂಥ ಕೋಲಾಹಲ ಏಳಲಿಲ್ಲ. ಅಳುವಿನೊಡನೆ ಬಂದರೆ ಸಹ್ಯವಾದ ಪಾಪವು ನಗುವಿನೊಡನೆ ಬಂದಾಗ ಅಸಹ್ಯವೆನಿಸಿತು. ಪಾಪಕ್ಕಾಗಿ ಅಳುವವನು ಅದಕ್ಕೆ ತೆರ ತೆತ್ತಂತೆ ಕಾಣುತ್ತಾನೆ. ನಗುವವನೋ ತೆರವನ್ನು ತಪ್ಪಿಸಿಕೊಂಡವನಂತೆ ಕಾಣುತ್ತಾನೆ. ಪತ್ರಗಳನ್ನು ಬರೆದವರ ಕೋಪಕ್ಕೆ ಇದೇ ಮೂಲವೆಂದು ನನಗೆ ತೋರುತ್ತದೆ. ಅವರು ಅಪೇಕ್ಷಿಸಿದ ಆ ತೆರವನ್ನು ‘ಸೋಪ್’ ಮುಂದೆ ತನ್ನ ರೀತಿಯಲ್ಲಿ ಸಲ್ಲಿಸಿತೆಂಬುದನ್ನು ಕಾಣಲಿದ್ದೇವೆ.

೫

ಕಥೆಯು ಕನೆಕ್ಟಿಕಟ್ ಪ್ರಾಂತದ ಡನ್ಸ್ ರಿವರ್ ಎಂಬ ಕಲ್ಪಿತ ಊರಿನಲ್ಲಿ ನಡೆಯುತ್ತದೆ. ಜೆಸಿಕಾ ಟೇಟ್ ಮತ್ತು ಮೇರಿ ಕ್ಯಾಂಬೆಲ್ ಅಕ್ಕತಂಗಿಯರು. ಜೆಸಿಕಳದು ಸಿರಿವಂತ ಮನೆ, ಮೇರಿಯದು ಸಾಮಾನ್ಯ ಸಂಸಾರ. ಜೆಸಿಕಳ ಗಂಡ ಚೆಸ್ಟರ್ ಪರಸ್ತ್ರೀಲೋಲ; ಆಕೆಯ ತಂದೆಯ ಪಾಲಿಗೆ ಎರಡನೆಯ ಮಹಾಯುದ್ಧವು ಇನ್ನೂ ಮುಗಿದಿಲ್ಲ. ಮೇರಿಯ ಎರಡನೆಯ ಗಂಡ ಬರ್ಟ್, ಬೆರಳು ಚಿಟಿಕೆ ಹಾಕಿದರೆ ತಾನು ಅದೃಶ್ಯನಾಗುವೆನೆಂದು ನಂಬುವವನು. ಆಕೆಯ ಹಿರಿಯ ಮಗ ಡ್ಯಾನಿ ದರೋಡೆಕೋರರ ಕೂಟದ ಕೈಗೆ ಸಿಕ್ಕಿದ್ದಾನೆ. ಕಿರಿಯ ಮಗ ಜೋಡಿಯು ಸಲಿಂಗಪ್ರೇಮಿ. ಟೆನಿಸ್ ಆಟ ಕಲಿಸುವ ಪೀಟರ್ ಎಂಬುವನಲ್ಲಿ ಜೆಸಿಕಳೂ ಆಕೆಯ ಮಗಳು ಕೊರಿನ್ನಳೂ ಇಬ್ಬರೂ ಅನುರಕ್ತರು. ಆ ಪೀಟರನು ಕೊಲೆಯಾಗುತ್ತಾನೆ. ಜೆಸಿಕಳ ಮೇಲೆ ಆಪಾದನೆ ಬರುತ್ತದೆ. ಮೊದಲ ಪ್ರಸಾರವರ್ಷವು ಆಕೆಯು ಅಪರಾಧಿಯೆಂಬ ತೀರ್ಪಿನೊಡನೆ ಮುಗಿಯುತ್ತದೆ. ಆ ಕೂಡಲೇ ನಿವೇದಕನು ಆಕೆ ನಿರಪರಾಧಿಯೆಂದು ಪ್ರೇಕ್ಷಕರಿಗೆ ತಿಳಿಸಿ, ನಿಜವಾದ ಕೊಲೆಗಾರನು ಇಂತಿಂಥ ಐವರಲ್ಲಿ ಒಬ್ಬನೆಂದು ಹೆಸರುಗಳನ್ನು ಹೇಳುತ್ತಾನೆ.

ಇಲ್ಲಿ ನಿವೇದಕನ ಉಪಯೋಗವೇ ಅಣಕದ ಕೀಲಿಕೈ. ಪ್ರತಿ ಕಂತಿನ ಆದಿಯಲ್ಲಿ ಅವನು ಹಿಂದಿನ ಕಥೆಯನ್ನು ಅತ್ಯಂತ ಗಂಭೀರವಾಗಿ ಸಂಗ್ರಹಿಸುತ್ತಾನೆ. ಸಂಗ್ರಹವು ಮುಗಿಯುವ ವೇಳೆಗೆ ಕೇಳುವವನ ತಲೆ ಸುತ್ತಿರುತ್ತದೆ. ಆಗ ಅವನು, ಗೊಂದಲವಾಯಿತೇ ಎಂದು ವಿಚಾರಿಸಿ, ಈ ಕಂತನ್ನು ನೋಡಿದ ಮೇಲೆ ಆ ಗೊಂದಲವು ಉಳಿಯುವುದಿಲ್ಲವೆಂದು ಭರವಸೆ ಕೊಡುತ್ತಾನೆ. ಆ ಭರವಸೆಯು ಎಂದೂ ಈಡೇರುವುದಿಲ್ಲ. ರೇಡಿಯೋ ಕಾಲದ ನಿವೇದಕನ ಧ್ವನಿಯಲ್ಲಿ ಒಂದು ಅಕ್ಷರವನ್ನೂ ಉತ್ಪ್ರೇಕ್ಷಿಸದೆ, ಕೇವಲ ವಿಷಯದ ಭಾರವನ್ನು ಹೆಚ್ಚಿಸಿ ನಗೆಯನ್ನು ಹುಟ್ಟಿಸಿರುವುದು ಕರ್ತೃವಿನ ಕೌಶಲ. ಗಾಂಭೀರ್ಯವು ಅಸ್ಥಾನದಲ್ಲಿ ನಿಂತುದೇ ಇಲ್ಲಿನ ಹಾಸ್ಯಕ್ಕೆ ಕಾರಣ. ಅಭಿನವಗುಪ್ತನ ಸೂತ್ರಕ್ಕೆ ಇದು ಸರಿಯಾದ ಉದಾಹರಣೆಯಾಗಿದೆ.

ಮುಂದಿನ ವರ್ಷಗಳಲ್ಲಿ ವಿಪತ್ತುಗಳ ಪಟ್ಟಿಯು ಅಸಂಭವದ ಎಲ್ಲೆಯನ್ನೂ ದಾಟುತ್ತದೆ. ಕೊರಿನ್ನಳ ಕೂಸಿಗೆ ಪಿಶಾಚಬಾಧೆ ತಗಲುತ್ತದೆ. ಬರ್ಟನನ್ನು ಅನ್ಯಗ್ರಹದವರು ಎತ್ತಿಕೊಂಡು ಹೋಗಿ, ಅವನ ರೂಪದ ಇನ್ನೊಬ್ಬನನ್ನು ಮನೆಗೆ ಕಳುಹಿಸುತ್ತಾರೆ. ಈ ಗಲಭೆಯ ನಡುವೆ ವಿವೇಕಿಯೆನ್ನಬಹುದಾದವನು ಟೇಟ್ ಮನೆಯ ಕಪ್ಪುವರ್ಣದ ಪರಿಚಾರಕ ಬೆನ್ಸನ್ ಒಬ್ಬನೇ. ಆ ಪಾತ್ರಕ್ಕಾಗಿ ರಾಬರ್ಟ್ ಗಿಯೋಮನು ೧೯೭೯ರಲ್ಲಿ ಎಮ್ಮಿ ಪ್ರಶಸ್ತಿಯನ್ನು ಪಡೆದನು. ಅದೇ ವರ್ಷ ‘ಬೆನ್ಸನ್’ ಎಂಬ ಪ್ರತ್ಯೇಕ ಪ್ರಹಸನವೇ ಆರಂಭವಾಗಿ ೧೯೮೬ರವರೆಗೆ ನಡೆಯಿತು.

೬

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಈ ಕೃತಿಯಲ್ಲಿ ಹಾಸ್ಯವು ಕೊನೆಯವರೆಗೂ ಹಾಸ್ಯವಾಗಿಯೇ ಉಳಿಯಿತೇ? ಎರಡು ಪ್ರಸಂಗಗಳನ್ನು ಪರೀಕ್ಷಿಸಿದರೆ ಸಾಕು.

ಮೊದಲನೆಯದು ಜೋಡಿಯದು. ಆರಂಭದ ಕಂತುಗಳಲ್ಲಿ ಅವನು ಕೇವಲ ಪರಿಹಾಸದ ಪಾತ್ರ. ತನ್ನ ಪ್ರಿಯನೊಡನೆ ಬಾಳುವುದಕ್ಕಾಗಿ ಶಸ್ತ್ರಚಿಕಿತ್ಸೆಯಿಂದ ಹೆಣ್ಣಾಗಬೇಕೆಂದು ಆಸ್ಪತ್ರೆಯನ್ನು ಸೇರುತ್ತಾನೆ. ಆ ಪ್ರಿಯನು ಅವನನ್ನು ಕೈಬಿಡುತ್ತಾನೆ. ಜೋಡಿಯು ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿಯುತ್ತಾನೆ. ಇಲ್ಲಿಂದ ಮುಂದೆ ಪಾತ್ರವು ಬೇರೆಯಾಗುತ್ತದೆ. ಮೂರನೆಯ ಪ್ರಸಾರವರ್ಷದಲ್ಲಿ ತನ್ನ ಮಗಳನ್ನು ಸಾಕುವ ಹಕ್ಕಿಗಾಗಿ ಅವನು ನ್ಯಾಯಾಲಯದಲ್ಲಿ ಹೋರಾಡುವಾಗ ಅವನ ಪಿತೃವಾತ್ಸಲ್ಯವು ಅಣಕದ ವಿಷಯವಾಗದೆ, ಪ್ರೇಕ್ಷಕರು ಅವನ ಗೆಲವನ್ನು ಹಾರೈಸುವಂತಾಗುತ್ತದೆ. ಅಮೆರಿಕದ ದೊಡ್ಡ ಪ್ರಸಾರ ಸಂಸ್ಥೆಗಳ ನಾಟಕಗಳಲ್ಲಿ ನಿರಂತರವಾಗಿ ಕಾಣಿಸಿಕೊಂಡ ಸಲಿಂಗಪ್ರೇಮಿ ಪಾತ್ರಗಳ ಪೈಕಿ ಇದು ಮೊದಮೊದಲಿನವುಗಳಲ್ಲಿ ಒಂದು. ಬಿಲ್ಲಿ ಕ್ರಿಸ್ಟಲ್ ಎಂಬ ನಟನಿಗೆ ಕೀರ್ತಿ ಬಂದುದೂ ಇದರಿಂದಲೇ.

ಎರಡನೆಯದು ಡ್ಯಾನಿಯದು. ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ ಅವನು ದರೋಡೆಕೋರರ ನಾಯಕನ ಮಗಳಾದ ಇಲೇನಳನ್ನು ಮದುವೆಯಾಗಬೇಕಾಗುತ್ತದೆ. ಇಲೇನಳು ಕರ್ಕಶೆ, ಆಕೆಯ ಮಾತುಗಳಿಗೆ ಪ್ರೇಕ್ಷಕರು ಕಂತುಕಂತಾಗಿ ನಕ್ಕರು. ಕ್ರಮೇಣ ಗಂಡಹೆಂಡಿರಲ್ಲಿ ಅನುರಾಗವು ಅಂಕುರಿಸುತ್ತದೆ. ಆ ವೇಳೆಗೆ ಆಕೆಯನ್ನು ದುಷ್ಟರು ಅಪಹರಿಸುತ್ತಾರೆ. ಅವರಿಂದ ಹತಳಾಗಿ ಆಕೆ ಗಂಡನ ತೋಳಿನಲ್ಲಿ ಪ್ರಾಣ ಬಿಡುತ್ತಾಳೆ. ಅಪಹರಣ, ಬಿಡುಗಡೆಯ ಹಣ, ಮರಣ, ಇವೆಲ್ಲ ಹಗಲುಕಥೆಗಳಲ್ಲಿ ಸವೆದುಹೋದ ಸಾಮಗ್ರಿಗಳು. ಅಣಕದ ನಾಟಕದಲ್ಲಿ ಇವು ನಗೆಯನ್ನೇ ತರಬೇಕಿತ್ತು. ಆದರೆ ಆ ದೃಶ್ಯದಲ್ಲಿ ನಗಿಸುವ ಪ್ರಯತ್ನವೇ ಇಲ್ಲ. ಕರುಣರಸವು ಆಭಾಸವಾಗದೆ ಶುದ್ಧವಾಗಿ ನಿಂತಿದೆ.

ಇದಕ್ಕೆ ಕಾರಣವೇನು? ಕರ್ತೃವು ತನ್ನ ಸಂಕಲ್ಪವನ್ನು ಬಿಟ್ಟುಕೊಟ್ಟಳೆಂದು ಕೆಲವರು ಹೇಳಬಹುದು. ಅಭಿನವಗುಪ್ತನ ನಿದರ್ಶನದಲ್ಲಿಯೇ ಉತ್ತರವಿದೆಯೆಂದು ನಾನು ಭಾವಿಸುತ್ತೇನೆ. ಬಂಧುವಲ್ಲದವನಿಗಾಗಿ ಪಡುವ ಶೋಕವು ಹಾಸ್ಯವಾಗುತ್ತದೆ. ಆದರೆ ಧಾರಾವಾಹಿಯು ಮಾಡುವ ಮುಖ್ಯ ಕಾರ್ಯವೇ ಅಪರಿಚಿತರನ್ನು ಬಂಧುಗಳನ್ನಾಗಿ ಮಾಡುವುದು. ಇರ್ನಾ ಫಿಲಿಪ್ಸಳ ಕಥೆಗಳು ದಶಕಗಟ್ಟಲೆ ನಡೆದುದು ಘಟನೆಗಳ ಸ್ವಾರಸ್ಯದಿಂದಲ್ಲ, ಈ ಬಾಂಧವ್ಯದ ಬಲದಿಂದ. ‘ಸೋಪ್’ ಆ ಪ್ರಕಾರದ ವಿಪತ್ತುಗಳನ್ನು ಅಣಕಿಸಿತು, ನಿವೇದಕನನ್ನು ಅಣಕಿಸಿತು. ಕಾಲದ ದೈರ್ಘ್ಯವನ್ನು ಮಾತ್ರ ಅಣಕಿಸಲಾಗದೆ ಹಾಗೆಯೇ ಸ್ವೀಕರಿಸಬೇಕಾಯಿತು. ಕಾಲವು ತನ್ನ ಕೆಲಸವನ್ನು ಮಾಡಿತು. ಬರ್ನೆಟ್ಟಳ ಕಿರುಪ್ರಹಸನಗಳಲ್ಲಿ ಸತ್ತವರಿಗಾಗಿ ಯಾರೂ ಮರುಗಲಿಲ್ಲ, ಏಕೆಂದರೆ ಅವರೊಡನೆ ಬಳಕೆ ಬೆಳೆಯುವಷ್ಟು ಅವಕಾಶವಿರಲಿಲ್ಲ. ಇಲೇನಳು ಸಾಯುವ ವೇಳೆಗೆ ಆಕೆಯು ನೋಡುವವರ ಮನೆಯವಳಾಗಿದ್ದಳು.

೭

ಮೂಲದ ನಿಯಮಕ್ಕೆ ಅಣಕವು ಹೇಗೆ ಒಳಗಾಯಿತೆಂಬುದಕ್ಕೆ ಕೃತಿಯ ಕೊನೆಯೇ ಇನ್ನೊಂದು ಸಾಕ್ಷಿ. ಪ್ರಹಸನಕ್ಕೆ ಮುಖ ಮತ್ತು ನಿರ್ವಹಣ ಎಂಬ ಎರಡು ಸಂಧಿಗಳು ಸಾಕೆಂಬುದು ದಶರೂಪಕದ ಮತ. ‘ಸೋಪ್’ಗೆ ಮುಖಸಂಧಿಯುಂಟು, ನಿರ್ವಹಣವಿಲ್ಲ. ೧೯೮೦ರಲ್ಲಿ ರಿಚರ್ಡ್ ಮುಲಿಗನ್ ಮತ್ತು ಕ್ಯಾಥ್ರಿನ್ ಡೇಮನ್ ಬರ್ಟ್ ಮತ್ತು ಮೇರಿಯರ ಪಾತ್ರಗಳಿಗಾಗಿ ಎಮ್ಮಿ ಪ್ರಶಸ್ತಿಗಳನ್ನು ಪಡೆದರು. ಅದರ ಮರುವರ್ಷವೇ ಸಂಸ್ಥೆಯು ಪ್ರಸಾರವನ್ನು ನಿಲ್ಲಿಸಿತು. ೧೯೮೧ರ ಏಪ್ರಿಲ್ ೨೦ರಂದು ಪ್ರಸಾರವಾದ ಕೊನೆಯ ಭಾಗದಲ್ಲಿ ಜೆಸಿಕಳು ಬಂದೂಕುಗಳ ಸಾಲಿನೆದುರು ನಿಂತಿದ್ದಾಳೆ. ಬರ್ಟನಿಗೆ ಶತ್ರುಗಳು ಹೊಂಚು ಹಾಕಿದ್ದಾರೆ. ಚೆಸ್ಟರನು ಡ್ಯಾನಿಯ ಮೇಲೆ ಪಿಸ್ತೂಲನ್ನು ಹಿಡಿದಿದ್ದಾನೆ. ಜೋಡಿಯು ವಶೀಕರಣನಿದ್ರೆಯ ಫಲವಾಗಿ ತನ್ನನ್ನು ಯೆಹೂದಿ ಮುದುಕನೊಬ್ಬನೆಂದು ನಂಬಿದ್ದಾನೆ. ಇಲ್ಲಿಗೆ ಕಥೆ ನಿಂತಿತು. ಅದನ್ನು ಅಂತಿಮ ಭಾಗವೆಂದು ಬರೆದಿರಲಿಲ್ಲ. ನಾಲ್ಕು ವರ್ಷ ಯಾವ ಕುತೂಹಲಕ್ಕೆ ನಗುತ್ತ ಬಂದಿದ್ದರೋ ಅದೇ ಕುತೂಹಲದಲ್ಲಿ ಪ್ರೇಕ್ಷಕರು ಉಳಿದರು. ಮುಂದೆ ‘ಬೆನ್ಸನ್’ನ ಒಂದು ಕಂತಿನಲ್ಲಿ ಜೆಸಿಕಳು ಛಾಯಾರೂಪದಿಂದ ಕಾಣಿಸಿಕೊಂಡಳು, ಉಳಿದವರ ಗತಿಯು ಇತ್ಯರ್ಥವಾಗಲಿಲ್ಲ.

ಈ ಚರಿತ್ರೆಯಿಂದ ಸಾಹಿತ್ಯವನ್ನು ಬೋಧಿಸುವವರು ಗ್ರಹಿಸಬಹುದಾದ ಅಂಶವೊಂದುಂಟು. ಅಣಕವನ್ನು ನಾವು ಸಾಮಾನ್ಯವಾಗಿ ಮೂಲದ ಶತ್ರುವೆಂದೂ ಮೂಲಕ್ಕಿಂತ ಕೀಳಾದ ಪರೋಪಜೀವಿಯೆಂದೂ ಭಾವಿಸಿ ಪಾಠಪಟ್ಟಿಯಿಂದ ದೂರವಿಡುತ್ತೇವೆ. ಅಣಕಗಾರನಿಗಿಂತ ಹೆಚ್ಚಾಗಿ ಮೂಲವನ್ನು ಅಭ್ಯಾಸ ಮಾಡಿದ ವಾಚಕನು ದುರ್ಲಭ. ಮೂಲದ ಯಾವ ಅಂಶವು ಒಣ ರೂಢಿ, ಯಾವುದು ಜೀವಾಳ ಎಂಬುದನ್ನು ಅವನ ಕೃತಿಯು ಪ್ರಯೋಗದಿಂದಲೇ ಬೇರ್ಪಡಿಸಿ ತೋರಿಸುತ್ತದೆ. ನಗೆಯಲ್ಲಿ ಕರಗಿಹೋದುದು ರೂಢಿ, ನಕ್ಕ ಮೇಲೂ ಉಳಿದುದು ಜೀವಾಳ. ಸೋಪ್ ಆಪರಾವನ್ನು ‘ಸೋಪ್’ ಹೀಗೆ ತೊಳೆದಾಗ ವಿಪತ್ತುಗಳ ಪಟ್ಟಿಯೂ ನಿವೇದಕನ ಗಾಂಭೀರ್ಯವೂ ಕರಗಿದುವು. ಅನ್ಯರ ಸಂಸಾರವನ್ನು ಬಹುಕಾಲ ನೋಡಿ ಅವರನ್ನು ತಮ್ಮವರೆಂದು ತಿಳಿಯುವ ಮನುಷ್ಯಸ್ವಭಾವವು ಉಳಿಯಿತು.

ಮೂವತ್ತೆರಡು ಸಾವಿರ ಪತ್ರಗಳನ್ನು ಬರೆದವರು, ಈ ನಾಟಕವು ಜನರಿಗೆ ಪರರ ದುಃಖದಲ್ಲಿ ನಗಲು ಕಲಿಸುವುದೆಂದು ಅಂಜಿದ್ದರೆ, ಆ ಅಂಜಿಕೆಯು ನಿಜವಾಗಲಿಲ್ಲ. ನಗಲೆಂದು ಕುಳಿತವರು ಕಂಬನಿಗರೆಯುವಂತಾಯಿತು. ಹಾಸ್ಯವು ರಸಾಂತರದ ಆಭಾಸದಿಂದ ಹುಟ್ಟುವುದೆಂಬ ನಮ್ಮ ಆಲಂಕಾರಿಕರ ಮತದೊಡನೆ, ಕಾಲದೈರ್ಘ್ಯದಿಂದ ಆಭಾಸವು ಮತ್ತೆ ರಸವಾಗಬಹುದೆಂಬ ಮಾತನ್ನೂ ಸೇರಿಸಬಹುದೇ ಎಂಬುದನ್ನು ವಿದ್ವಾಂಸರು ವಿಚಾರ ಮಾಡಬೇಕಾಗಿ ಪ್ರಾರ್ಥನೆ.